ಕೂರುವವರು ಒಬ್ಬರು, ಕಾಸು ಕೊಡುವವರು ಇನ್ನೊಬ್ಬರು: ವಿಮಾನದ ಸೀಟು, ದರ ಮತ್ತು ಬೆಂಗಳೂರಿನ ಕಚೇರಿ ಪ್ರಯಾಣ

ಬೆಂಗಳೂರಿನ ಎಷ್ಟೋ ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ದೆಹಲಿಗೆ ಹೋಗಿಬರುವ ಟಿಕೆಟ್ಟಿಗೆ ಹದಿನೈದು ಸಾವಿರವಾದರೂ ಮರುಮಾತಿಲ್ಲದೆ ಪಾಸಾಗುತ್ತದೆ. ಅದೇ ಬಿಲ್ಲಿನ ಕೆಳಗೆ ಸೀಟ್ ಸೆಲೆಕ್ಷನ್ ಎಂದು ನಾನ್ನೂರು ರೂಪಾಯಿ ಕಂಡರೆ ಮಾತ್ರ ಕ್ಲೇಮ್ ವಾಪಸ್ ಬರುತ್ತದೆ, 'ಇದು ಪಾಲಿಸಿಯಲ್ಲಿ ಇಲ್ಲ' ಎಂಬ ಒಂದು ಸಾಲಿನ ಷರಾ ಹೊತ್ತು. ನೌಕರರು ಎರಡು ಮೇಲ್ ಬರೆದು ಸುಮ್ಮನಾಗುತ್ತಾರೆ. ಮುಂದಿನ ಸಲ ಕೈಯಿಂದಲೇ ಕೊಡುತ್ತಾರೆ, ಇಲ್ಲವೇ ನಡು ಸೀಟಿನಲ್ಲಿ ಇಬ್ಬರ ಮೊಣಕೈಗಳ ಮಧ್ಯೆ ಕೂತು ಬರುತ್ತಾರೆ.

ಜಿಪುಣತನ ಎಂದು ನಕ್ಕು ಬಿಡಬಹುದು. ಆದರೆ ವಿಮಾನಯಾನ ಕಂಪನಿಗಳ ದರಪಟ್ಟಿಗೆ ಈಗಿನ ರೂಪ ಬಂದಿರುವುದರಲ್ಲಿ ಈ ಜಗಳದ ಪಾತ್ರ ದೊಡ್ಡದು. ಕಚೇರಿ ಕೆಲಸದ ಪ್ರಯಾಣದಲ್ಲಿ ಟಿಕೆಟ್ಟಿಗೆ ದುಡ್ಡು ಕೊಡುವುದು ಕಂಪನಿ, ಕಾಲು ಮಡಚಿ ಕೂರುವುದು ನೌಕರ. ದುಡ್ಡು ಕೊಡುವವರ ಕಣ್ಣಿಗೆ ಬೀಳುವುದು ಟಿಕೆಟ್ಟಿನ ದರ ಒಂದೇ. ಕೂರುವವರಿಗೆ ಬೇಕಾದ್ದು ಒಳ್ಳೆಯ ಸೀಟು, ತಿನ್ನಲು ಏನಾದರೂ, ಮೀಟಿಂಗ್ ಬೇಗ ಮುಗಿದರೆ ಮುಂಚಿನ ವಿಮಾನ ಹಿಡಿಯುವ ಅವಕಾಶ. ಹಿಂದೆ ಒಂದೇ ಟಿಕೆಟ್ಟಿನಲ್ಲಿ ಸೇರಿಕೊಂಡಿದ್ದ ಇವನ್ನೆಲ್ಲ ಬಿಡಿಸಿ ಬೇರೆ ಬೇರೆ ಬೆಲೆ ಕಟ್ಟಿದ ಮೇಲೆ, ಮೊದಲನೆಯವರಿಗೆ ಕಡಿಮೆ ದರ ತೋರಿಸಿ ಎರಡನೆಯವರಿಂದ ಉಳಿದದ್ದನ್ನು ವಸೂಲು ಮಾಡಲು ದಾರಿಯಾಯಿತು.

ಸೀಟು ಟಿಕೆಟ್ಟಿನಿಂದ ಬೇರೆಯಾದ ಬಗೆ

ಈ ಕಥೆಯ ಭಾರತೀಯ ಅಧ್ಯಾಯ ಶುರುವಾದದ್ದೂ ಬೆಂಗಳೂರಿನಲ್ಲೇ. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಾಟ ಶುರುಮಾಡಿದಾಗ ಸೀಟಿಗೆ ಸಂಖ್ಯೆ ಕೊಡುವ ಪದ್ಧತಿ ಅದಕ್ಕಿರಲಿಲ್ಲ. ಮೊದಲು ಹತ್ತಿದವರಿಗೆ ಮೊದಲ ಆಯ್ಕೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಬೆಳೆದ ನಮ್ಮ ಜನಕ್ಕೆ ಇದೇನೂ ಹೊಸತಲ್ಲ, ಎಚ್‌ಎಎಲ್ ನಿಲ್ದಾಣದ ಟಾರ್ಮ್ಯಾಕ್ ಮೇಲೆ ಲಘುಬಗೆಯಿಂದ ನಡೆದರಾಯಿತು. ಎರಡು ವರ್ಷದ ನಂತರ ಇದೇ ಊರಿನವರು ಶುರುಮಾಡಿದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಧಾಟಿ ಪೂರ್ತಿ ತದ್ವಿರುದ್ಧ: ಊಟ, ಮನರಂಜನೆಯ ಪರದೆ, ಸೀಟು ಎಲ್ಲವೂ ಟಿಕೆಟ್ಟಿನ ಒಳಗೇ. ಎರಡನೆಯದು ಮೊದಲನೆಯದನ್ನು ಕೊಂಡುಕೊಂಡಿತು. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟವೂ ನಿಂತಿತು. ಉಳಿದುಕೊಂಡದ್ದು ಎರಡರ ಮಧ್ಯದ ದಾರಿ. ಸೀಟಿಗೆ ಸಂಖ್ಯೆ ಉಂಟು, ಆದರೆ ಯಾವ ಸಂಖ್ಯೆ ಎಂದು ಆರಿಸುವ ಹಕ್ಕಿಗೆ ಬೇರೆ ದುಡ್ಡು.

ಇದು ಎಷ್ಟು ದೊಡ್ಡ ವ್ಯಾಪಾರ ಎಂಬುದಕ್ಕೆ ಅಮೆರಿಕದ ಲೆಕ್ಕ ನೋಡಬೇಕು. ಅಲ್ಲಿನ ಸೆನೆಟ್‌ನ ಉಪಸಮಿತಿಯೊಂದು 2024ರ ನವೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಐದು ವಿಮಾನಯಾನ ಕಂಪನಿಗಳು 2018ರಿಂದ 2023ರವರೆಗೆ ಬರೀ ಸೀಟು ಶುಲ್ಕದಿಂದ 1,240 ಕೋಟಿ ಡಾಲರ್ ಗಳಿಸಿದ್ದವು. ಐವತ್ತು ವರ್ಷಕ್ಕೂ ಹೆಚ್ಚು ಕಾಲ 'ಎಲ್ಲಿ ಬೇಕಾದರೂ ಕೂತುಕೊಳ್ಳಿ' ಎನ್ನುತ್ತಿದ್ದ ಸೌತ್‌ವೆಸ್ಟ್ ಕೂಡ 2026ರ ಜನವರಿಯಲ್ಲಿ ಆ ಪದ್ಧತಿಗೆ ವಿದಾಯ ಹೇಳಿ ಸೀಟು ಮಾರಲು ಕೂತಿತು. ಇಷ್ಟು ದುಡ್ಡು ಕಣ್ಣೆದುರು ಇರುವಾಗ ಹಟ ಹಿಡಿಯುವುದು ಯಾರಿಂದಲೂ ಆಗದ ಮಾತು.

ನಮ್ಮಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಹೊರಡಿಸಿದ ಸುತ್ತೋಲೆಗಳು ಇದಕ್ಕೆ ಅವಕಾಶ ಕೊಟ್ಟಿವೆ. ಆದ್ಯತೆಯ ಸೀಟು, ಊಟ ತಿಂಡಿ, ಕ್ರೀಡಾ ಸಾಮಗ್ರಿ ಮುಂತಾದ ಸೇವೆಗಳಿಗೆ ಬೇರೆಯಾಗಿ ಶುಲ್ಕ ಹಾಕಬಹುದು. ಆದರೆ ಅದು ಪ್ರಯಾಣಿಕರು ತಾವಾಗಿ ಬೇಕೆಂದು ಒಪ್ಪಿಕೊಂಡರೆ ಮಾತ್ರ. ಸೀಟು ಆರಿಸದವರಿಗೆ ಹೊರಡುವ ಮೊದಲು ತಾನಾಗಿ ಸೀಟು ಸಿಗಬೇಕು. 2024ರ ಏಪ್ರಿಲ್‌ನಲ್ಲಿ ಇನ್ನೊಂದು ಮಾತು ಸೇರಿತು: 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕು. ಒಬ್ಬಂಟಿಯಾಗಿ ಹೋಗುವ ಕಚೇರಿ ಪ್ರಯಾಣಿಕರಿಗೆ ಈ ನಿಯಮದ ಪರಿಣಾಮ ಸಣ್ಣದಾಗಿ ತಟ್ಟುತ್ತದೆ. ಕುಟುಂಬಗಳನ್ನು ಒಟ್ಟಿಗೆ ಕೂರಿಸಿದ ಮೇಲೆ ಉಳಿಯುವ ಬಿಡಿ ಸೀಟುಗಳು ಯಾರ ಪಾಲಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ವೆಬ್ ಚೆಕ್-ಇನ್ ಪರದೆಯಲ್ಲಿ ಮಾತ್ರ ಈ 'ತಾವಾಗಿ ಒಪ್ಪಿಕೊಳ್ಳುವ' ನಿಯಮ ಸ್ವಲ್ಪ ಮಂಕಾಗುತ್ತದೆ. ಬಣ್ಣಬಣ್ಣದ ಸೀಟುಗಳ ಮೇಲೆಲ್ಲ ಬೆಲೆ, ಮೂಲೆಯಲ್ಲಿ ಎಲ್ಲೋ 'ಸ್ಕಿಪ್' ಎಂಬ ಸಣ್ಣ ಅಕ್ಷರ. ಆತುರದಲ್ಲಿರುವವರು ದುಡ್ಡು ಕೊಡದೆ ಬೋರ್ಡಿಂಗ್ ಪಾಸ್ ಸಿಗುವುದಿಲ್ಲವೇನೋ ಎಂದುಕೊಂಡು ಕೊಟ್ಟುಬಿಡುತ್ತಾರೆ. ಇಂಥ ಪರದೆ ಚಾಲಾಕಿಗಳ ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಗ್ರಾಹಕರು ಕೇಳದ್ದನ್ನು ಬುಟ್ಟಿಗೆ ಹಾಕುವುದು, ಬೇಡ ಎಂದವರಿಗೆ ನಾಚಿಕೆಯಾಗುವಂತೆ ಬರೆಯುವುದು, ಬೆಲೆಯನ್ನು ಹನಿಹನಿಯಾಗಿ ಹೊರಬಿಡುವುದು ಎಲ್ಲ ಆ ಪಟ್ಟಿಯಲ್ಲಿವೆ. ಸ್ಕಿಪ್ ಗುಂಡಿಯ ಗಾತ್ರ ಎಷ್ಟಿರಬೇಕು ಎಂದು ಮಾತ್ರ ಅದರಲ್ಲಿ ಬರೆದಿಲ್ಲ.

ದುಡ್ಡು ಕೊಟ್ಟರೆ ಸಿಗುವುದೇನು

ನಾವು ಹೆಚ್ಚಾಗಿ ಹತ್ತುವ ಏರ್‌ಬಸ್ ಎ320 ವಿಮಾನದಲ್ಲಿ, ಎಲ್ಲ ಎಕಾನಮಿ ಸೀಟುಗಳೇ ಇದ್ದಾಗ, 180 ಅಥವಾ 186 ಸೀಟು. ನಡುವೆ ಒಂದೇ ಓಣಿ, ಆಚೆ ಮೂರು ಈಚೆ ಮೂರು. ಅಂದರೆ ಮೂರರಲ್ಲಿ ಒಂದು ನಡು ಸೀಟು. ಸೀಟು ಶುಲ್ಕದ ವ್ಯಾಪಾರ ನಿಂತಿರುವುದು ಈ ಅರವತ್ತು ಚಿಲ್ಲರೆ ಸೀಟುಗಳ ಭಯದ ಮೇಲೆ.

ಕಾಲು ಚಾಚಲು ಜಾಗ ಬೇಕೆನ್ನುವವರು ತುರ್ತು ನಿರ್ಗಮನದ ಸಾಲಿಗೆ ಹೆಚ್ಚು ಕೊಡುತ್ತಾರೆ. ಅಲ್ಲಿ ಎರಡು ಸಾಲಿದ್ದರೆ ಮುಂದಿನದ್ದರ ಬೆನ್ನು ಸಾಮಾನ್ಯವಾಗಿ ಹಿಂದಕ್ಕೆ ವಾಲುವುದಿಲ್ಲ, ಏಕೆಂದರೆ ಅದರ ಹಿಂದೆಯೂ ಬಾಗಿಲಿನ ದಾರಿ ತೆರವಾಗಿರಬೇಕು. ಅದಕ್ಕಿಂತ ಮುಂದಿನ ಮಾಮೂಲಿ ಸಾಲಿನದ್ದೂ ಅದೇ ಪಾಡು. ಅಲ್ಲಿ ಕೂತವರಿಗೆ ಅತ್ತ ಕಾಲು ಚಾಚಲೂ ಜಾಗವಿಲ್ಲ, ಇತ್ತ ಬೆನ್ನು ಒರಗಿಸಲೂ ಇಲ್ಲ. ಬೋಯಿಂಗ್ 737ರಲ್ಲಿ ರೆಕ್ಕೆಗೆ ಸ್ವಲ್ಪ ಮುಂದೆ ಕಿಟಕಿ ಸೀಟು ಎಂದು ಹೆಸರಿದ್ದೂ ಕಿಟಕಿಯೇ ಇಲ್ಲದ ಜಾಗವಿರುತ್ತದೆ. ಹವಾನಿಯಂತ್ರಣದ ಕೊಳವೆ ಆ ಗೋಡೆಯೊಳಗೆ ಹಾದುಹೋಗುತ್ತದೆ. ಬೆಳಗಿನ ಜಾವದ ವಿಮಾನದಲ್ಲಿ ಗೋಡೆಗೆ ಒರಗಿ ನಿದ್ದೆ ಹೊಡೆಯುವವರಿಗೆ ಅದೇ ಉತ್ತಮ ಸೀಟು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಸಾಲಿನ ಸೀಟಿನ ಮೇಲೆ ಮಾತ್ರ ನನಗೆ ಅನುಮಾನ. ಬೇಗ ಇಳಿಯಬಹುದು ಎಂಬುದು ಅದರ ಆಕರ್ಷಣೆ. ವಿಮಾನ ಟರ್ಮಿನಲ್‌ನ ಏರೋಬ್ರಿಡ್ಜ್‌ಗೆ ತಾಗಿಕೊಂಡು ನಿಂತರೆ ಮಾತು ನಿಜ. ಟರ್ಮಿನಲ್‌ನಿಂದ ದೂರದ ನಿಲುಗಡೆ ಜಾಗದಲ್ಲಿ ನಿಂತರೆ ಮುಂದಿನ ಹಿಂದಿನ ಎರಡೂ ಬಾಗಿಲಿಗೆ ಏಣಿ ಹಾಕುತ್ತಾರೆ, ಮೊದಲು ಇಳಿದವರು ಬಸ್ಸಿನಲ್ಲಿ ನಿಂತು ಕೊನೆಯವರಿಗೆ ಕಾಯುತ್ತಾರೆ. ಬ್ಯಾಗು ಚೆಕ್-ಇನ್ ಮಾಡಿದ್ದರೆ ಗಳಿಸಿದ ಹತ್ತು ನಿಮಿಷ ಬೆಲ್ಟಿನ ಮುಂದೆ ಕರಗುತ್ತದೆ. ಇನ್ನು ಶಿವಮೊಗ್ಗ, ಹುಬ್ಬಳ್ಳಿಯಂಥ ಊರುಗಳಿಗೆ ಹಾರುವ ಎಟಿಆರ್ ವಿಮಾನದ ವಿಷಯವೇ ಬೇರೆ. ಅದರಲ್ಲಿ ಆಚೆ ಎರಡು ಈಚೆ ಎರಡು ಸೀಟು, ನಡು ಸೀಟೇ ಇಲ್ಲ. ಪ್ರಯಾಣಿಕರ ಬಾಗಿಲು ಇರುವುದು ಹಿಂದೆ. ಮುಂದಿನ ಭಾಗದಲ್ಲಿ ಸಾಮಾನು ತುಂಬುತ್ತಾರೆ. ದೊಡ್ಡ ವಿಮಾನದ ಅಭ್ಯಾಸಬಲದಿಂದ ಮುಂದಿನ ಸಾಲಿಗೆ ದುಡ್ಡು ಕೊಟ್ಟವರು ಅಲ್ಲಿ ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ.

ಹಾಗೆಂದು ಸೀಟು ಆರಿಸುವುದೆಲ್ಲ ಶೋಕಿ ಎನ್ನಲಾಗದು. ಬೆನ್ನುನೋವಿನವರಿಗೆ, ಪದೇ ಪದೇ ಏಳಬೇಕಾದವರಿಗೆ ಓಣಿ ಪಕ್ಕದ ಸೀಟು ಅಗತ್ಯ. ರಾತ್ರಿ ವಿಮಾನದಲ್ಲಿ ಒಬ್ಬರೇ ಬರುವ ಮಹಿಳೆಯರಿಗೆ ಪಕ್ಕದಲ್ಲಿ ಯಾರು ಎಂಬುದೂ ಮುಖ್ಯ. ಇಂಡಿಗೊ 2024ರಲ್ಲಿ, ಮಹಿಳೆಯರು ವೆಬ್ ಚೆಕ್-ಇನ್ ಮಾಡುವಾಗ ಇತರ ಮಹಿಳೆಯರು ಯಾವ ಸೀಟು ಹಿಡಿದಿದ್ದಾರೆ ಎಂದು ನೋಡುವ ಅನುಕೂಲ ಒದಗಿಸಿತು. ಒಳ್ಳೆಯ ಕೆಲಸವೇ. ಆದರೆ ಪಾಲಿಸಿಯಲ್ಲಿ ಸೀಟು ಶುಲ್ಕವೇ ಇಲ್ಲದ ಕಂಪನಿಯ ನೌಕರಳು, ನಕ್ಷೆಯಲ್ಲಿ ಕಂಡ ಆ ಸೀಟಿಗೆ ಬೆಲೆಯಿದ್ದರೆ, ತನ್ನ ಸಂಬಳದಿಂದಲೇ ಕೊಡಬೇಕು. ನೌಕರರ ಸುರಕ್ಷತೆಯ ಬಗ್ಗೆ ಪುಟಗಟ್ಟಲೆ ಬರೆದುಕೊಂಡಿರುವ ಎಚ್‌ಆರ್ ವಿಭಾಗಗಳಿಗೆ ಈ ನಾನ್ನೂರು ರೂಪಾಯಿ ಆ ಪುಟಗಳ ಯಾವ ಸಾಲಿಗೆ ಸೇರುತ್ತದೆ ಎಂದು ಇನ್ನೂ ಹೊಳೆದಂತಿಲ್ಲ.

ದರದ ಮೆಟ್ಟಿಲು

ಸೀಟು ಶುಲ್ಕ ಕಣ್ಣಿಗೆ ಕುಕ್ಕುತ್ತದೆ, ದೊಡ್ಡ ದುಡ್ಡು ಹೋಗುವುದು ಬೇರೆ ಕಡೆ.

ಒಂದೇ ವಿಮಾನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ದರ ಹಾಕುವ ವಿದ್ಯೆ ಬೆಳೆದದ್ದು ಅಮೆರಿಕನ್ ಏರ್‌ಲೈನ್ಸ್‌ನಲ್ಲಿ. 1977ರಲ್ಲಿ ಅದು ಸೂಪರ್ ಸೇವರ್ ಎಂಬ ಅಗ್ಗದ ದರ ತಂದಿತು. 1985ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಪ್ರತಿಸ್ಪರ್ಧಿಯನ್ನು ಎದುರಿಸಲು ಇನ್ನೂ ಇಳಿಸಿತು. ಆಗ ಅಮೆರಿಕನ್ ಏರ್‌ಲೈನ್ಸ್ ನಡೆಸುತ್ತಿದ್ದ ರಾಬರ್ಟ್ ಕ್ರ್ಯಾಂಡಲ್ ಈ ವಿದ್ಯೆಗೆ ಯೀಲ್ಡ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿಟ್ಟರು. ಅಗ್ಗದ ದರವನ್ನು ಪ್ರವಾಸಿಗರಿಗೆ ಕೊಡಬೇಕು, ಆದರೆ ಹೆಚ್ಚು ಕೊಡಬಲ್ಲ ವ್ಯಾಪಾರಸ್ಥರ ಕೈಗೆ ಅದು ಸಿಗಬಾರದು. ಬಹಳ ದಿನ ಮೊದಲೇ ಟಿಕೆಟ್ ಕೊಳ್ಳಬೇಕು, ಹೋದ ಊರಿನಲ್ಲಿ ಶನಿವಾರ ರಾತ್ರಿ ಉಳಿಯಬೇಕು ಎಂಬ ಷರತ್ತುಗಳು ಬಂದದ್ದು ಇದಕ್ಕೇ. ಕೆಲಸಕ್ಕೆ ಹೋದವರು ವಾರಾಂತ್ಯಕ್ಕೆ ಮನೆ ಸೇರಲು ಹಾತೊರೆಯುತ್ತಾರೆ. ಶನಿವಾರ ಅಲ್ಲೇ ಉಳಿಯುವವರು ಪ್ರವಾಸಿಗರೇ ಇರಬೇಕು. ಜರಡಿ ಹಿಡಿದಂತೆ ಇಬ್ಬರೂ ಬೇರೆಯಾದರು.

ಭಾರತದ ದೇಶೀಯ ಟಿಕೆಟ್ಟುಗಳಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ದರ, ಹಾಗಾಗಿ ಶನಿವಾರದ ಷರತ್ತು ಇಲ್ಲಿ ನಡೆಯುವುದಿಲ್ಲ. ಇಲ್ಲಿನ ಜರಡಿಗಳು ಎಷ್ಟು ದಿನ ಮೊದಲು ಕೊಳ್ಳುತ್ತೀರಿ, ಯಾವ ಹೊತ್ತಿಗೆ ಹೊರಡುತ್ತೀರಿ, ಆಮೇಲೆ ಬದಲಿಸಲು ಎಷ್ಟು ಕೊಡಬಲ್ಲಿರಿ ಎಂಬವು. ಸೋಮವಾರ ಬೆಳಗಿನ ಬೆಂಗಳೂರು–ಮುಂಬೈ, ಗುರುವಾರ ಶುಕ್ರವಾರ ಸಂಜೆಯ ದೆಹಲಿ–ಬೆಂಗಳೂರು ವಿಮಾನಗಳಿಗೆ ಯಾಕೆ ಅಷ್ಟು ದರ ಎಂದು ಕೇಳಿದರೆ, ಆ ಹೊತ್ತಿಗೆ ಅವುಗಳಲ್ಲಿ ಕೂರುವವರಲ್ಲಿ ಹೆಚ್ಚಿನವರು ಸ್ವಂತ ದುಡ್ಡಿನಲ್ಲಿ ಹೋಗುವವರಲ್ಲ.

ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಹೀಗಿದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥವರು 2024ರಿಂದ ಮಾರುತ್ತಿರುವ, ಚೆಕ್-ಇನ್ ಬ್ಯಾಗೇ ಇಲ್ಲದ ಲೈಟ್ ದರ ತೀರಾ ಕೆಳಗೆ. ಅದರ ಮೇಲೆ 15 ಕೆ.ಜಿ. ಬ್ಯಾಗು ಸೇರಿದ ಮಾಮೂಲಿ ದರ. ಅದರ ಮೇಲೆ ಫ್ಲೆಕ್ಸಿ ಅಥವಾ ಫ್ಲೆಕ್ಸ್ ಎಂಬ ಹೆಸರಿನ, ಬದಲಾವಣೆಗೆ ಶುಲ್ಕ ಕಡಿಮೆ ಅಥವಾ ಇಲ್ಲದ ದರ. ಕೆಲವು ಕಡೆ ಸೀಟು, ತಿಂಡಿಯೂ ಇದರಲ್ಲೇ ಬರುತ್ತವೆ. ಪಕ್ಕದಲ್ಲಿ ಟ್ರಾವೆಲ್ ಏಜೆಂಟರ ಮೂಲಕ ಸಿಗುವ ಕಾರ್ಪೊರೇಟ್ ದರ, ಸಣ್ಣ ಉದ್ದಿಮೆಗಳಿಗೆಂದೇ ಇರುವ ಎಸ್‌ಎಂಇ ದರ. ತುದಿಯಲ್ಲಿ ಪ್ರೀಮಿಯಂ ಎಕಾನಮಿ, ಬಿಸಿನೆಸ್ ಕ್ಲಾಸ್.

ಈಗ ಅಕೌಂಟ್ಸ್ ವಿಭಾಗದ ಜಗಳಕ್ಕೆ ಮರಳೋಣ. ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ, ಇವು ಯಾವ ಕಂಪನಿಯ ದರವೂ ಅಲ್ಲ. ಮಾಮೂಲಿ ದರ 5,500 ರೂ., ಫ್ಲೆಕ್ಸಿ ದರ 6,400. ಮಾಮೂಲಿಯಲ್ಲಿ ದಿನ ಬದಲಿಸಿದರೆ 3,000 ಶುಲ್ಕ, ಫ್ಲೆಕ್ಸಿಯಲ್ಲಿ ಇಲ್ಲ. ಹೊಸ ವಿಮಾನದ ದರ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಎರಡರಲ್ಲೂ ಕಟ್ಟಲೇಬೇಕು. 'ಬದಲಾವಣೆ ಉಚಿತ' ಎಂಬ ಜಾಹೀರಾತು ಓದಿ ಹಲವರು ಮರೆಯುವುದು ಇದನ್ನೇ. 900 ರೂಪಾಯಿ ಹೆಚ್ಚು ಕೊಟ್ಟು 3,000 ಉಳಿಸುವ ಅವಕಾಶ ಕೊಂಡಂತಾಯಿತು. ಹತ್ತು ಪ್ರಯಾಣದಲ್ಲಿ ಮೂರಕ್ಕಿಂತ ಹೆಚ್ಚು ಬದಲಾದರೆ ಫ್ಲೆಕ್ಸಿ ಲಾಭ, ಕಡಿಮೆಯಾದರೆ ನಷ್ಟ.

ಫ್ಲೆಕ್ಸಿಯೊಳಗೆ 400 ರೂಪಾಯಿಯ ಸೀಟು, 400 ರೂಪಾಯಿಯ ತಿಂಡಿ ಸೇರಿದ್ದರೆ, ಮತ್ತು ನೌಕರರು ಅವೆರಡನ್ನೂ ಹೇಗೂ ಕೊಳ್ಳುವವರಾದರೆ, ನಿಜವಾದ ವ್ಯತ್ಯಾಸ 100 ರೂಪಾಯಿಗೆ ಇಳಿಯುತ್ತದೆ. ಆಗ ಮೂವತ್ತು ಪ್ರಯಾಣದಲ್ಲಿ ಒಂದು ಬದಲಾದರೂ ಸಾಕು. ಕಂಪನಿಯ ಪುಸ್ತಕದಲ್ಲಿ ಹೀಗೆ ಕಾಣುವುದಿಲ್ಲ. ಅಲ್ಲಿ ಫ್ಲೆಕ್ಸಿ ಎಂದರೆ 'ಅತಿ ಕಡಿಮೆ ದರಕ್ಕಿಂತ 900 ಹೆಚ್ಚು', ಮ್ಯಾನೇಜರರ ಅನುಮತಿ ಬೇಕಾದ ಅಪರಾಧ. ಬದಲಾವಣೆ ಶುಲ್ಕ ಮಾತ್ರ ಬೇರೊಂದು ತಿಂಗಳಲ್ಲಿ, ಬೇರೊಂದು ಶೀರ್ಷಿಕೆಯಡಿ, ಯಾರ ತಕರಾರೂ ಇಲ್ಲದೆ ಪಾವತಿಯಾಗುತ್ತದೆ. ಸೀಟು ತಿಂಡಿಗಳ ದುಡ್ಡು ಪುಸ್ತಕದಲ್ಲೇ ಇಲ್ಲ, ಅದು ನೌಕರರ ಜೇಬಿನದು.

ಎಲ್ಲರಿಗೂ ಫ್ಲೆಕ್ಸಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಎರಡು ತಿಂಗಳ ಮೊದಲೇ ನಿಗದಿಯಾದ ತರಬೇತಿಗೆ ಹೋಗುವವರಿಗೆ ಅದು ದಂಡ. ಗಿರಾಕಿಯ ಗಡಿಯಾರಕ್ಕೆ ತಕ್ಕಂತೆ ಓಡುವ ಸೇಲ್ಸ್‌ನವರಿಗೆ, ಯಂತ್ರ ಕೆಟ್ಟಿದೆ ಎಂದು ಕರೆಬಂದಾಗ ಹೊರಡುವ ಸರ್ವಿಸ್ ಎಂಜಿನಿಯರರಿಗೆ, ಪ್ರಕರಣ ಮುಂದಕ್ಕೆ ಹೋಗುವುದನ್ನು ಕಾದು ಕೂರುವ ವಕೀಲರಿಗೆ ಅದು ಬೇಕು. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಬದಲಾಗುವುದು ಹೆಚ್ಚಾಗಿ ಮರಳಿ ಬರುವ ಟಿಕೆಟ್. ಹೋಗುವ ಹೊತ್ತು ಗೊತ್ತಿರುತ್ತದೆ, ಮೀಟಿಂಗ್ ಎಷ್ಟಕ್ಕೆ ಮುಗಿಯುತ್ತದೆ ಎಂದು ಗೊತ್ತಿರುವುದಿಲ್ಲ. ನಮ್ಮಲ್ಲಿ ಎರಡಕ್ಕೂ ಬೇರೆ ದರ ಇರುವುದರಿಂದ ಹೋಗುವಾಗ ಮಾಮೂಲಿ, ಬರುವಾಗ ಫ್ಲೆಕ್ಸಿ ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅವರಲ್ಲಿ ಕೊಡುವವರೂ ಕೂರುವವರೂ ಒಬ್ಬರೇ.

ಹೋಗುವ ಟಿಕೆಟ್ಟಿಗೆ ಬೆಂಗಳೂರಿನಲ್ಲಿ ಇನ್ನೊಂದು ಕುತ್ತು ಇದೆ, ರಸ್ತೆ. 2008ರ ಮೇ ತಿಂಗಳಲ್ಲಿ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದಂದಿನಿಂದ ಎಲೆಕ್ಟ್ರಾನಿಕ್ ಸಿಟಿಯವರಿಗೆ ವಿಮಾನ ಹತ್ತುವುದೆಂದರೆ ಊರನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ಹೋಗುವುದು. ಮಳೆ ಬಂದ ಸಂಜೆ ಸಿಲ್ಕ್ ಬೋರ್ಡ್ ದಾಟಿ ಹೆಬ್ಬಾಳ ಮುಟ್ಟುವ ಹೊತ್ತಿಗೆ ಮುಂಬೈಗೆ ಹೋದ ವಿಮಾನ ಇಳಿದೇ ಬಿಟ್ಟಿರುತ್ತದೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಫ್ಲೆಕ್ಸಿ ಇದ್ದರೂ ವಿಮಾನ ಹೊರಡುವುದಕ್ಕೆ ಇಂತಿಷ್ಟು ಗಂಟೆ ಮೊದಲೇ ಬದಲಿಸಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು 'ಇನ್ನೂ ಆಗಬಹುದು' ಎಂಬ ಆಸೆಯಲ್ಲಿ ಆ ಗಡುವನ್ನೂ ಮೀರಿಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ಹೊರಡುವವರಿಗೆ ಸೀಟಿಗಿಂತ ಮೊದಲು ಬೇಕಾದ್ದು ಹೊತ್ತಿನ ಆಯ್ಕೆ. ಬೆಳಗಿನ ಆರರ ವಿಮಾನ ಎಂಟರದ್ದಕ್ಕಿಂತ ಸಾವಿರ ರೂಪಾಯಿ ಅಗ್ಗ ಎಂದು ಪಾಲಿಸಿ ಅದನ್ನೇ ಹಿಡಿದುಕೊಂಡರೆ, ನೌಕರರು ರಾತ್ರಿ ಎರಡೂವರೆಗೆ ಎದ್ದು ಟ್ಯಾಕ್ಸಿ ಹತ್ತುತ್ತಾರೆ. ಆ ಹೊತ್ತಿನ ಟ್ಯಾಕ್ಸಿ ದರ, ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಸಿದ್ದರ ಬೆಲೆ ಯಾವ ಕಾಲಂನಲ್ಲೂ ಬರುವುದಿಲ್ಲ.

ಬಿಟ್ಟುಹೋಗುವ ದುಡ್ಡು

ನಿಯಮಗಳು ಕಚೇರಿ ಪ್ರಯಾಣಿಕರ ಕಡೆಗೆ ಅರ್ಧ ಮನಸ್ಸಿನಿಂದ ನೋಡುತ್ತವೆ. ಟಿಕೆಟ್ ಕೊಂಡ 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದು ಅಥವಾ ಬದಲಾವಣೆ ಮಾಡಬಹುದು ಎಂಬ ನಿಯಮವನ್ನು ಡಿಜಿಸಿಎ ಹಿಂದೆಯೇ ತಂದಿತ್ತು. 2025ರ ನವೆಂಬರ್‌ನ ಕರಡು ಅದನ್ನು 48 ಗಂಟೆಗೆ ಏರಿಸುವ ಪ್ರಸ್ತಾಪ ಮಾಡಿತು. ಕೇಳಲು ಚೆನ್ನ. ಆದರೆ 24 ಗಂಟೆಯ ನಿಯಮದ ಕೊಕ್ಕೆ, ವಿಮಾನ ಹೊರಡಲು ಕನಿಷ್ಠ ಏಳು ದಿನ ಇರಬೇಕು ಎಂಬುದಾಗಿತ್ತು. ನಾಳೆ ನಾಡಿದ್ದರ ಟಿಕೆಟ್ ಕೊಳ್ಳುವವರೇ ಹೆಚ್ಚಿರುವ ಕಚೇರಿ ಪ್ರಯಾಣಕ್ಕೆ ಇದು ತಾಗುವುದೇ ಅಪರೂಪ.

ಹೆಚ್ಚು ಉಪಯೋಗಕ್ಕೆ ಬರುವ, ಆದರೆ ಯಾರೂ ಬಳಸದ ನಿಯಮ ಇನ್ನೊಂದು. ಟಿಕೆಟ್ ರದ್ದಾದರೂ, ಪ್ರಯಾಣಿಕರು ನಿಲ್ದಾಣಕ್ಕೇ ಬರದಿದ್ದರೂ, ದರ ವಾಪಸ್ ಇಲ್ಲ ಎಂಬ ಷರತ್ತಿನ ಟಿಕೆಟ್ಟೇ ಆಗಿದ್ದರೂ, ಅದರೊಳಗಿನ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕಗಳನ್ನು ಹಿಂದಿರುಗಿಸಲೇಬೇಕು. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಒಂದೊಂದು ಟಿಕೆಟ್ಟಿನಲ್ಲಿ ಇದು ಕೆಲವು ನೂರು ರೂಪಾಯಿ. ವರ್ಷಕ್ಕೆ ಸಾವಿರಾರು ಟಿಕೆಟ್ ಕೊಳ್ಳುವ ಕಂಪನಿಗಳಲ್ಲಿ 'ಫ್ಲೈಟ್ ಮಿಸ್ ಆಯ್ತು, ದುಡ್ಡು ಹೋಯ್ತು' ಎಂದು ಕೈಬಿಟ್ಟ ಟಿಕೆಟ್ಟುಗಳನ್ನು ಕೂಡಿಸಿದರೆ ಅಲ್ಲಿ ತಿರಸ್ಕರಿಸಿದ ಸೀಟು ಶುಲ್ಕಗಳಿಗೆ ಬಹುಪಾಲು ದುಡ್ಡು ಸಿಕ್ಕೀತು.

ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಂಡವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಎಕಾನಮಿಗೆ ಇಳಿಸಿದರೆ, ದೇಶೀಯ ಪ್ರಯಾಣದಲ್ಲಿ ತೆರಿಗೆ ಸೇರಿ ಟಿಕೆಟ್ ಬೆಲೆಯ 75 ಶೇಕಡ ಕೊಡಬೇಕು ಎಂಬ ನಿಯಮವೂ 2023ರ ಫೆಬ್ರವರಿಯಿಂದ ಇದೆ. ಆ ಪರಿಹಾರ ಸಲ್ಲಬೇಕಾದ್ದು ಕಂಪನಿಗೋ, ಕಾಲು ಮಡಚಿ ಕೂತವರಿಗೋ? ಹೆಚ್ಚಿನ ಪಾಲಿಸಿಗಳು ಈ ಬಗ್ಗೆ ಮೌನ.

ದರಕ್ಕೆ ಮಿತಿ ಹಾಕುವ ಕೆಲಸಕ್ಕೆ ಸರ್ಕಾರ ಕೈಹಾಕುವುದು ಆಪತ್ಕಾಲದಲ್ಲಿ ಮಾತ್ರ. ಕೋವಿಡ್ ಕಾಲದ ದರ ಪಟ್ಟಿ 2022ರ ಆಗಸ್ಟ್ ಕೊನೆಗೆ ತೆರವಾಯಿತು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೊ ಸಾವಿರಾರು ಹಾರಾಟ ರದ್ದುಮಾಡಿದಾಗ ಸಚಿವಾಲಯ ಮತ್ತೆ ಎಕಾನಮಿ ದರಕ್ಕೆ ಗರಿಷ್ಠ ಮಿತಿ ಹಾಕಿತು: 500 ಕಿ.ಮೀ.ವರೆಗೆ 7,500 ರೂ., 1,500 ಕಿ.ಮೀ. ಮೀರಿದರೆ 18,000. ಆ ವಾರ ದೇವನಹಳ್ಳಿಯಲ್ಲಿ ರಾಶಿಬಿದ್ದಿದ್ದ ಬ್ಯಾಗುಗಳ ಮಧ್ಯೆ ನಿಂತವರಿಗೆ ಕಿಟಕಿ ಸೀಟೋ ನಡು ಸೀಟೋ ಎಂಬ ಪ್ರಶ್ನೆಯೇ ಹುಟ್ಟಿರಲಾರದು.

ತೆರಿಗೆಯ ಲೆಕ್ಕ ಇನ್ನೊಂದು ಬಗೆ. ಎಕಾನಮಿ ಟಿಕೆಟ್ಟಿಗೆ 5 ಶೇಕಡ ಜಿಎಸ್‌ಟಿ. ಪ್ರೀಮಿಯಂ ಎಕಾನಮಿ, ಬಿಸಿನೆಸ್ ಕ್ಲಾಸ್‌ಗೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಏರಿತು. ಬಿಸಿನೆಸ್ ಕ್ಲಾಸ್ ಇನ್ನು ಕೈಗೆಟುಕದು ಎಂದು ಗುಲ್ಲೆದ್ದಿತು. ಆದರೆ ಜಿಎಸ್‌ಟಿ ನೋಂದಣಿ ಇರುವ ಕಂಪನಿ, ವ್ಯವಹಾರದ ಪ್ರಯಾಣಕ್ಕೆ ಕಟ್ಟಿದ ಈ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯಬಹುದು, ಅದು 5 ಇರಲಿ 18 ಇರಲಿ. ಅದಕ್ಕೆ ಟಿಕೆಟ್ ಕೊಳ್ಳುವಾಗಲೇ ಕಂಪನಿಯ ಜಿಎಸ್‌ಟಿ ಸಂಖ್ಯೆ ನಮೂದಿಸಿ, ಏರ್‌ಲೈನ್‌ನ ತೆರಿಗೆ ಇನ್ವಾಯ್ಸ್ ತರಿಸಿಕೊಳ್ಳಬೇಕು. ಬೋರ್ಡಿಂಗ್ ಪಾಸ್ ಲಗತ್ತಿಸಿದರೆ ಸಾಲದು. ನೌಕರರು ತಮ್ಮ ಫೋನಿನ ಆ್ಯಪ್‌ನಲ್ಲಿ ಆತುರಕ್ಕೆ ಬುಕ್ ಮಾಡಿ ಆಮೇಲೆ ಕ್ಲೇಮ್ ಹಾಕುವ ಕಡೆಯೆಲ್ಲ ಈ ಜಮೆ ಮಣ್ಣುಪಾಲು. ಜಮೆ ಪಡೆಯಲು ದಾರಿಯೇ ಇಲ್ಲದವರೂ ಇದ್ದಾರೆ. ನೋಂದಣಿಯಿಲ್ಲದೆ ಒಬ್ಬರೇ ವಕಾಲತ್ತು ನಡೆಸುವ ವಕೀಲರು ಸುಪ್ರೀಂ ಕೋರ್ಟಿನ ಕೆಲಸಕ್ಕೆ ಬಿಸಿನೆಸ್ ಕ್ಲಾಸ್‌ನಲ್ಲಿ ಹೋದರೆ 18 ಶೇಕಡ ಪೂರ್ತಿ ಅವರದೇ ಖರ್ಚು, ಇಲ್ಲವೇ ಕಕ್ಷಿದಾರರದು.

ಇಂಡಿಗೊ 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ನಡುವೆ 18,018 ರೂಪಾಯಿಯಿಂದ ಸ್ಟ್ರೆಚ್ ಎಂಬ ಬಿಸಿನೆಸ್ ಸೀಟು ಮಾರಲು ಶುರುಮಾಡಿದ್ದು ಈ ಗಿರಾಕಿಗಳನ್ನು ನೋಡಿಯೇ. ಅಗ್ಗದ ದರದ ಹೆಸರಿನಲ್ಲೇ ಬೆಳೆದ ಕಂಪನಿ ಎರಡು ಎರಡರಂತೆ ಅಗಲವಾದ 12 ಸೀಟು ಹಾಕಿತು. ಅದೇ ತಿಂಗಳು ಏರ್ ಇಂಡಿಯಾ ಜೊತೆ ವಿಸ್ತಾರಾ ವಿಲೀನವಾಗಿ ಒಬ್ಬ ಪ್ರತಿಸ್ಪರ್ಧಿ ಕಡಿಮೆಯಾಗಿತ್ತು. ಆಯ್ಕೆ ಮಾಡಿಕೊಳ್ಳಲು ಕಂಪನಿಗಳು ಕಡಿಮೆಯಾದಷ್ಟೂ ಒಂದೊಂದು ಕಂಪನಿಯೊಳಗಿನ ದರದ ಮೆಟ್ಟಿಲುಗಳು ಹೆಚ್ಚುತ್ತಿವೆ.

ಈ ಊರಿನ ಇನ್ನೊಂದು ದೊಡ್ಡ ಪ್ರಯಾಣಿಕ ವರ್ಗಕ್ಕೆ ಆಯ್ಕೆಯ ತಲೆನೋವೇ ಇಲ್ಲ. ಇಸ್ರೊ, ಡಿಆರ್‌ಡಿಒದಂಥ ಕಡೆ ಕೆಲಸ ಮಾಡುವ ಕೇಂದ್ರ ಸರ್ಕಾರಿ ನೌಕರರಿಗೆ ಹಣಕಾಸು ಸಚಿವಾಲಯದ 2022ರ ಆದೇಶ ಲಾಗು: ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೇ ಟಿಕೆಟ್ ಕೊಳ್ಳಬೇಕು, ಪ್ರಯಾಣಕ್ಕೆ 21 ದಿನ ಮೊದಲೇ ಕೊಳ್ಳಲು ನೋಡಬೇಕು, ತಮ್ಮ ದರ್ಜೆಗೆ ಸಲ್ಲುವ ತರಗತಿಯಲ್ಲಿ ಅತಿ ಅಗ್ಗದ ದರವನ್ನೇ ಆರಿಸಬೇಕು, ಕೊನೆ ಗಳಿಗೆಯಲ್ಲಿ ಕೊಂಡರೆ ಅಥವಾ ರದ್ದುಮಾಡಿದರೆ ಕಾರಣ ಬರೆದುಕೊಡಬೇಕು. ಖಾಸಗಿ ಕಂಪನಿಗಳವರು ಇದನ್ನು ನೋಡಿ ನಗುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಸರ್ಕಾರದ ಆದೇಶ ಅವರ ಪಾಲಿಸಿಗಿಂತ ಪ್ರಾಮಾಣಿಕ. ತಡವಾಗಿ ಕೊಳ್ಳುವುದೂ ರದ್ದು ಮಾಡುವುದೂ ಖರ್ಚೇ ಎಂದು ಅದು ಒಪ್ಪಿಕೊಂಡು ಕಾರಣ ಕೇಳುತ್ತದೆ. ಖಾಸಗಿ ಪಾಲಿಸಿಗಳಲ್ಲಿ ಮ್ಯಾನೇಜರರು ಅನುಮತಿ ಕೊಡಲು ನಾಲ್ಕು ದಿನ ತೆಗೆದುಕೊಂಡು ದರ ಏರಿದರೆ, ಆ ಏರಿಕೆಯ ಕಾರಣವನ್ನು ಯಾರೂ ಯಾರನ್ನೂ ಕೇಳುವುದಿಲ್ಲ.

ಪದೇ ಪದೇ ಹಾರುವವರಿಗೆ ಏರ್‌ಲೈನ್‌ಗಳು ಕೊಡುವ ಪಾಯಿಂಟುಗಳ ವಿಷಯದಲ್ಲಿ ಇಡೀ ಆಟ ತಲೆಕೆಳಗಾಗುತ್ತದೆ. ಏರ್ ಇಂಡಿಯಾಕ್ಕೆ ಹಿಂದಿನಿಂದಲೂ ನಿಷ್ಠಾ ಕಾರ್ಯಕ್ರಮ ಇತ್ತು, ಇಂಡಿಗೊ ಕೂಡ 2024ರಲ್ಲಿ ಬ್ಲೂಚಿಪ್ ತಂದಿತು. ದುಡ್ಡು ಕೊಡುವುದು ಕಂಪನಿಯಾದರೂ ಪಾಯಿಂಟು ಜಮೆಯಾಗುವುದು ಸಾಮಾನ್ಯವಾಗಿ ಪ್ರಯಾಣಿಕರ ಹೆಸರಿಗೆ. ಇಲ್ಲಿ ಕಂಪನಿಯ ಹಿತ ಒಂದು ಕಡೆ, ನೌಕರರ ಹಿತ ಇನ್ನೊಂದು ಕಡೆ. ಐನೂರು ರೂಪಾಯಿ ಅಗ್ಗದ ವಿಮಾನ ಬಿಟ್ಟು ತಮ್ಮ ಪಾಯಿಂಟು ಬೆಳೆಯುವ ವಿಮಾನ ಹಿಡಿಯಲು ನೌಕರರ ಬಳಿ ನೂರು ನೆಪ ಇರುತ್ತವೆ: ಹೊತ್ತು ಸರಿಯಿಲ್ಲ, ಆ ಏರ್‌ಲೈನ್ ತಡ ಮಾಡುತ್ತದೆ, ಟರ್ಮಿನಲ್ ದೂರ. ಸೀಟಿನ ನಾನ್ನೂರು ರೂಪಾಯಿಯನ್ನು ಬಿಲ್ಲಿನಲ್ಲಿ ಹುಡುಕಿ ಹಿಡಿಯುವ ಅಕೌಂಟ್ಸ್ ವಿಭಾಗದ ಕಣ್ಣಿಗೆ ಈ ಐನೂರು ಬೀಳುವುದೇ ಇಲ್ಲ, ಏಕೆಂದರೆ ಅದು ಟಿಕೆಟ್ ದರದ ಒಳಗೇ ಸೇರಿಹೋಗಿರುತ್ತದೆ.